ಮೆಟಡೋರ್ ಕಿಟಕಿಗೆ ಪರದೆ

ಕಬ್ಬೂರ
ಗುರುವಾರ, ತಾ. ೨೮-೧೦-೧೯೯೩

ಅತ್ತಿ,

ಪತ್ರದ ತಲೆಗೆ ಏನಂತ ಬರೆಯಲಿ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ದೀಪಾವಳಿ ಮುಗಿದು ನಿಮ್ಮ ದೀಕ್ಷೆ ಆಯಿತೆಂದರೆ ನಿಮಗೆ ಬೇರೆಯೇ ಹೆಸರು ಬರುತ್ತದೆ. ಆಮೇಲೆ ನಾವೆಲ್ಲ ದೂರ ನಿಂತು ‘ಮಾತಾಜಿ’ ಎಂದು ಕೈಮುಗಿಯಬೇಕು. ಅತ್ತಿ ಅನ್ನಲಿಕ್ಕೆ ಬರುವುದಿಲ್ಲ. ಅದಕ್ಕೇ ಈಗಲೇ ಬಾಯಿತುಂಬ ಕರೆದುಬಿಡುತ್ತೇನೆ. ಅತ್ತಿ, ಹೇಗಿದ್ದೀರಿ? ಕಾಗವಾಡದ ಬಸದಿಯ ಕಲ್ಲುಹಾಸಿನ ಮೇಲೆ ಬರೀ ಚಾಪೆಯಲ್ಲಿ ಮಲಗುತ್ತೀರಂತೆ, ನಿಮ್ಮ ಮಗಳು ಮಂಗಲಕ್ಕ ನೋಡಿ ಬಂದು ಹೇಳಿದರು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀರೋ ಇಲ್ಲವೋ? ಕೇಳಿದರೆ ‘ಕಾಲು ಇರೂದ ನಡಿಯಾಕ, ಸಿಂಗಾರ ಮಾಡಾಕಲ್ಲ’ ಅನ್ನುತ್ತೀರಿ, ಗೊತ್ತು.

ದೀಕ್ಷೆಗೆ ಮನೆಯವರೆಲ್ಲರ ಒಪ್ಪಿಗೆ ಬೇಕು ಎಂದು ಮುನಿ ಮಹಾರಾಜರು ಹೇಳಿ ಕಳಿಸಿದ್ದಾರೆ. ಮಂಗಲಕ್ಕ ಒಪ್ಪಿದರು. ಮಾವನವರು ಹೋದ ಮೇಲೆ ಮನೆಗೆ ಹಿರಿಯರೆಂದರೆ ಅವರ ತಮ್ಮ ಕಾಕಾಸಾಹೇಬ ಕಾಕಾ, ಅವರೂ ಒಪ್ಪಿದರು. ಉಳಿದದ್ದು ಈ ಕಬ್ಬೂರಿನ ಮನೆ. ‘ಚಂದ್ರಮತಿ ಒಪ್ಪಾಕತ್ತಿಲ್ಲ’ ಎಂಬ ಸುದ್ದಿ ನಿಮಗೆ ಮುಟ್ಟಿದೆ. ನನಗೂ ಮುಟ್ಟಿದೆ. ಮೊನ್ನೆ ಕಾಕಾ ಇಲ್ಲಿಗೇ ಬಂದು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವ ಹಾಗೆ ಅಂದರು, ‘ಬಿ.ಎ. ಕಲತಾಕಿ ಅಂತ ನಿಪ್ಪಾಣಿಯಿಂದ ತಂದ್ವಿ. ಅತ್ತಿ ಪುಣ್ಯೇಕ ಅಡ್ಡ ಬೀಳೂದನ್ನ ಯಾವ ಕಾಲೇಜಿನಾಗ ಕಲಸ್ತಾರ ಯವ್ವಾ?’ ನಾನು ಒಳಗೆ ಹೋಗಿ ಚಹಾ ತಂದುಕೊಟ್ಟೆ. ಕುಡಿದು, ‘ಸಕ್ಕರಿ ಕಮ್ಮಿ ಆಗೇತಿ’ ಅಂದರು. ನಾನು ಸಕ್ಕರೆಯ ಡಬ್ಬಿ ತಂದಿಟ್ಟೆ. ನಿಮ್ಮ ಮಗ ಅಷ್ಟೂ ಹೊತ್ತು ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದರು. ಎಮ್ಮೆಗೆ ಮುಂಜಾನೆಯೇ ಒಮ್ಮೆ ಸ್ನಾನ ಆಗಿತ್ತು.

ನಾಡಿದ್ದು ನಿಮ್ಮ ಮಗ ಕಾಗವಾಡಕ್ಕೆ ಬರುತ್ತಾರೆ. ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ. ನನ್ನ ಉತ್ತರ ಇದರಲ್ಲೇ ಇದೆ. ಆದರೆ ಮೊದಲೇ ಬರೆದರೆ ನೀವು ಅಷ್ಟನ್ನೇ ಓದಿ ಕನ್ನಡಕ ತೆಗೆದಿಟ್ಟುಬಿಡುತ್ತೀರಿ. ಅಕ್ಷರದ ಮೇಲೆ ಬೆರಳಿಟ್ಟು ನಿಧಾನ ಓದುವವರು ನೀವು. ಇಷ್ಟು ದಿನ ನನ್ನ ಮಾತು ಕೇಳಿದಿರಿ, ಇದೊಂದು ಸಲವೂ ಪೂರ್ತಿ ಕೇಳಿರಿ.

ಅತ್ತಿ, ನಾವು ಈಗ ಮೆಟಡೋರಿನಲ್ಲೇ ಮಲಗುತ್ತಿದ್ದೇವೆ. ನಗಬೇಡಿರಿ. ಹೋದ ತಿಂಗಳ ಕೊನೆಗೆ ಲಾತೂರ ಕಡೆ ಭೂಕಂಪ ಆಯಿತಲ್ಲ, ಆ ನಸುಕಿನಲ್ಲಿ ನಮ್ಮ ಅಡುಗೆಮನೆಯ ತಾಟುಗಳೂ ಸದ್ದು ಮಾಡಿದವು. ನಾನು ಕೂಸು ಬಾಳುನನ್ನು ಎತ್ತಿಕೊಂಡು ಹೊರಗೆ ಓಡಿದ್ದೆ. ಇನ್ನೊಮ್ಮೆ ಆಗುತ್ತದಂತೆ ಎಂದು ಸುದ್ದಿ ಹಬ್ಬಿ ಓಣಿಯವರೆಲ್ಲ ಅಂಗಳದಲ್ಲಿ ಮಲಗಿದರು. ನಾಲ್ಕು ದಿನಕ್ಕೆ ಎಲ್ಲರೂ ಬೇಸತ್ತು ಒಳಗೆ ಹೋದರು. ನಾನು ಹೋಗಲಿಲ್ಲ. ಮೇಲೆ ನೋಡಿದರೆ ನಮ್ಮ ಮನೆಯ ಸಾಗವಾನಿ ತೊಲೆ, ಕೆಳಗೆ ನೋಡಿದರೆ ಬಾಳುನ ನೆತ್ತಿ. ಯಾರು ಎಷ್ಟು ಹೇಳಿದರೂ ಆ ತೊಲೆಯ ಕೆಳಗೆ ಅವನನ್ನು ಮಲಗಿಸಲಿಕ್ಕೆ ಮನಸ್ಸು ಒಪ್ಪಲಿಲ್ಲ. ಕಡೆಗೆ ನಿಮ್ಮ ಮಗ ಮೆಟಡೋರನ್ನು ಬೇವಿನ ಗಿಡದ ಬುಡಕ್ಕೆ ತಂದು ನಿಲ್ಲಿಸಿ, ಹಿಂದಿನ ಹಲಗೆ ಮತ್ತೆ ಜೋಡಿಸಿ, ‘ತಗೊ ನಿನ್ನ ಬಂಗ್ಲೆ’ ಅಂದರು.

ಅಲ್ಲಿ ಅವರಿಬ್ಬರೂ ಚೆನ್ನಾಗಿ ಮಲಗುತ್ತಾರೆ. ನನಗೇ ನಿದ್ದೆಯಿಲ್ಲ. ಹೆತ್ತಾಗಿನಿಂದಲೂ ಇಲ್ಲ, ನಿಮಗೆ ತಿಳಿದದ್ದೇ. ಬಾಳುನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುವ ಚಾಳಿ ಇನ್ನೂ ಬಿಟ್ಟಿಲ್ಲ. ನೀವಿದ್ದಾಗ ಆ ಬೆರಳಿಗೊಂದು ಏಟು ಬೀಳುತ್ತಿತ್ತು. ಈಗ ಹೊಡೆಯುವವರಿಲ್ಲದೆ ಬೆರಳು ಅಲ್ಲೇ ಇರುತ್ತದೆ. ಹಾಗೆ ಕಣ್ಣು ಬಿಟ್ಟುಕೊಂಡು ಮಲಗಿದವಳಿಗೆ ಮತ್ತೇನು ಕೆಲಸ? ಇದೇ ಗಾಡಿಯಲ್ಲಿ ನಾವು ಮಾಡಿದ ಆ ಪ್ರವಾಸವೆಲ್ಲ ಮೊದಲಿಂದ ಕೊನೆಯ ತನಕ ಕಣ್ಣ ಮುಂದೆ ನಡೆಯುತ್ತದೆ. ಇದೇ ವರ್ಷದ್ದು, ಇನ್ನೂ ಮಳೆಗಾಲ ಒಂದು ಕಳೆದಿದೆಯಷ್ಟೇ. ಆದರೂ ಎಷ್ಟೋ ಹಿಂದಿನದು ಅನಿಸುತ್ತದೆ.

ನಾನು ನಿಪ್ಪಾಣಿಯ ಪೇಟೆಯಲ್ಲಿ ಬೆಳೆದವಳು, ಮಾಸ್ತರರ ಮಗಳು. ಚೌಕಾ ಎಂದರೆ ಏನೆಂದು ನಿಮ್ಮ ಮನೆಗೆ ಬಂದೇ ಕಲಿತದ್ದು. ಮಹಾರಾಜರು ಊರಿಂದೂರಿಗೆ ನಡೆದು ಹೊರಟರೆ ಹಿಂದೆ ಭಕ್ತರು ಅಡುಗೆಯ ಸರಂಜಾಮು ಹೊತ್ತು ಹೋಗುತ್ತಾರೆ, ಅವರು ಇಳಿದ ಊರಲ್ಲಿ ಬಾವಿಯ ನೀರು ಸೇದಿ, ದಪ್ಪ ಅರಿವೆಯಲ್ಲಿ ಸೋಸಿ, ಮಡಿಯಲ್ಲಿ ಅಡುಗೆ ಮಾಡಿ, ಬಾಗಿಲಲ್ಲಿ ಕಳಸ ಹಿಡಿದು ನಿಲ್ಲುತ್ತಾರೆ ಎಂದು ನೀವೇ ಹೇಳಿಕೊಟ್ಟಿರಿ. ಅವರದು ದಿನಕ್ಕೊಂದೇ ಊಟ, ಅದೂ ನಿಂತುಕೊಂಡು, ಬೊಗಸೆಯಲ್ಲಿ. ಮನಸ್ಸಿನಲ್ಲಿ ಒಂದು ಗುರುತು ನೆನೆದು ಹೊರಡುತ್ತಾರೆ, ಅದು ಯಾರ ಬಾಗಿಲಲ್ಲಿ ಕಂಡಿತೋ ಅಲ್ಲಿ ನಿಲ್ಲುತ್ತಾರೆ, ಕಾಣದಿದ್ದರೆ ಮುಂದೆ ಹೋಗುತ್ತಾರೆ. ‘ಹಂಗಾರ ನಾವು ಮಾಡಿದ್ದು ಹಾಳಾಗಿ ಹೋಗೂದಿಲ್ರಿ?’ ಎಂದು ನಾನು ಕೇಳಿದ್ದೆ. ‘ಮಾಡೂದ ನಮ್ಮದು, ನಿಲ್ಲೂದ ಅವರದು’ ಅಂದಿರಿ. ನಿಮ್ಮ ಕೈಯಿಂದ ಒಂದು ಬೊಗಸೆ ಕೊಡಬೇಕೆನ್ನುವುದು ಎಷ್ಟು ವರ್ಷದ ಆಸೆಯಾಗಿತ್ತು ನಿಮಗೆ! ಮಾವನವರಿದ್ದಾಗಿನಿಂದ.

ದಿಗಂಬರ ಮುನಿಗಳ ಸಂಘ ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗ, ಅಥಣಿ ಹಾದು ಕಾಗವಾಡಕ್ಕೆ ಹೊರಟಿದೆ ಎಂದು ಕೇಳಿದ್ದೇ ತಡ, ನೀವು ಪಾತ್ರೆ ಬೆಳಗಲಿಕ್ಕೆ ಕೂತಿರಿ. ಬಾಳುಗೆ ಆಗ ಐದು ತಿಂಗಳು. ‘ಇಕೀನ ಕೂಸಿನ ಕೂಡ ಒಬ್ಬಾಕಿನ್ನ ಬಿಟ್ಟ ಹೋದ್ರ ಅತ್ತ ಅತ್ತ ಊರ ಕೆಡಸ್ತಾಳ’ ಎಂದು ನನ್ನನ್ನೂ ಗಾಡಿಗೆ ಹತ್ತಿಸಿದಿರಿ. ಗಾಡಿ ಯಾವುದು? ನಿಪ್ಪಾಣಿಯಲ್ಲಿ ಮದುವೆಯ ದಿಬ್ಬಣ ಸಾಗಿಸುತ್ತಿದ್ದ ಹಳೆಯ ಮೆಟಡೋರ್. ಮೂರೂ ಕಡೆ ಗಾಜು. ದಿಬ್ಬಣದವರಿಗೆ ಊರಿಗೆಲ್ಲ ತೋರಿಸಿಕೊಳ್ಳುವುದೇ ಬೇಕಿತ್ತೇನೋ! ನಿಮ್ಮ ಮಗ ಹಿಂದಿನ ಸೀಟುಗಳನ್ನೆಲ್ಲ ಕಿತ್ತು, ಹಲಗೆ ಬಡಿದರು. ಹಲಗೆಯ ಕೆಳಗೆ ಹಂಡೆ, ತಪ್ಪೇಲಿ, ಹಿಟ್ಟಿನ ಡಬ್ಬಿ. ಮೇಲೆ ನೀವು, ನಾನು, ನಡುವೆ ಬಾಳು. ಅವರು ಹೊರಗೆ ಗಾಡಿಯ ಕೆಳಗೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ನೀವು ಮಗ್ಗಲು ಬದಲಿಸಿದರೆ ಹಲಗೆ ಕಿರ್ ಅನ್ನುತ್ತಿತ್ತು, ಕೆಳಗಿನಿಂದ ‘ಏನ್ ಬೇಕವ್ವಾ?’ ಅನ್ನುತ್ತಿದ್ದರು.

ಮೊದಲ ಸಂಜೆ ಶಾಲೆಯೊಂದರ ಬಯಲಲ್ಲಿ ಇಳಿದದ್ದು ನೆನಪಿದೆಯೇ? ಬಾಳು ಹಸಿದು ಒದರುತ್ತಿದ್ದ. ನಾನು ಎದೆಗೆ ಹಾಕಿಕೊಂಡು ತಲೆಯೆತ್ತಿದರೆ ಗಾಜಿನ ತುಂಬ ಮೂಗುಗಳು. ಒತ್ತಿ ಹಿಡಿದ ಮೂಗುಗಳು ಹಪ್ಪಳದ ಹಾಗೆ ಕಾಣುತ್ತಿದ್ದವು. ಹುಡುಗರನ್ನು ಓಡಿಸಿದರೆ ಹೆಂಗಸರು ಬಂದರು. ಒಬ್ಬಾಕೆ ಗಾಜು ಬಡಿದು ‘ಗಂಡೋ ಹೆಣ್ಣೋ?’ ಎಂದು ಕೇಳಿದಳು. ಇನ್ನೊಬ್ಬಳು ‘ಹಾಲು ಸಾಕಾಗತೈತೇನ ನಿನಗ? ಸಬ್ಬಸಗಿ ಪಲ್ಯೆ ತಿನ್ನ’ ಅಂದಳು. ಅವರದೇನೂ ತಪ್ಪಿಲ್ಲ, ಪ್ರೀತಿಯಿಂದಲೇ ನೋಡುತ್ತಿದ್ದರು. ಆದರೆ ನನ್ನ ಮೈಯೆಲ್ಲ ಬಿಗಿದು ಹಾಲೇ ಇಳಿಯಲೊಲ್ಲದು. ಸೆರಗು ಮುಚ್ಚಿದರೆ ಅವನು ಒಳಗೆ ಉಸಿರು ಕಟ್ಟಿ ಕೈಕಾಲು ಬಡಿಯುತ್ತಿದ್ದ. ನನಗೆ ಅಳುವೇ ಬಂತು.

ಅವತ್ತು ನಾನು ಅಂದದ್ದಕ್ಕೆ ಈಗಲೂ ನಾಚಿಕೆ ನಗು ಎರಡೂ ಬರುತ್ತವೆ. ‘ಅತ್ತಿ, ಮುಂದ ನಡಿಯಾವರ ಮೈಮ್ಯಾಲ ಒಂದ ಎಳಿ ದಾರ ಇಲ್ಲ, ಹಿಂದ ಬರೂ ನನಗ ಎಂಟ ಕಿಡಕಿಗೆ ಅರಬಿ ಬೇಕಾಗೇತಿ’ ಎಂದಿದ್ದೆ. ಬೈಯುತ್ತೀರಿ ಅಂದುಕೊಂಡಿದ್ದೆ. ನೀವು ಬಾಳುನ ಅಂಗಾಲು ತಿಕ್ಕುತ್ತ, ‘ಅವರಿಗೆ ಮುಚ್ಚೂವಂಥಾದ್ದ ಏನೂ ಉಳದಿಲ್ಲವಾ. ನಿನಗ ಐತಿ. ಮುಚ್ಚಕೋ. ಅದರಾಗ ಸಣ್ಣ ಆಗೂವಂಥಾದ್ದೇನೈತಿ?’ ಅಂದಿರಿ. ಮರುದಿನದಿಂದ ಆ ಪರದೆಯ ಕೆಲಸ ನಿಮ್ಮದೇ ಆಗಿಬಿಟ್ಟಿತು.

ಚಿಕ್ಕೋಡಿಯಲ್ಲಿ ನಿಮ್ಮ ಮಗ ಚಹಾದಂಗಡಿಯಿಂದ ಹಳೆಯ ಪೇಪರಿನ ಕಟ್ಟು ತಂದರು. ಗೋಧಿಹಿಟ್ಟು ಕುದಿಸಿ ಅಂಟು ಮಾಡಿ ಎಲ್ಲ ಗಾಜಿಗೂ ಹಚ್ಚಿದರು. ಅರ್ಧ ತಲೆಕೆಳಗು ಹಚ್ಚಿದ್ದರು. ಆದರೂ ಎಂಥ ಸುಖ! ಹಾಲು ಕುಡಿಸುತ್ತ ಕತ್ತು ಓರೆ ಮಾಡಿಕೊಂಡು ಹತ್ತಿಯ ದರ, ಮುಂಗಾರಿನ ಅಂದಾಜು, ಯಾರದೋ ಮದುವೆಯ ಜಾಹೀರಾತು ಎಲ್ಲ ಓದುತ್ತಿದ್ದೆ. ನಿಮಗೂ ಓದಿ ಹೇಳುತ್ತಿದ್ದೆ. ನಮ್ಮ ಕಬ್ಬೂರು ದಾಟಿ ಮುಂದಿನ ಮುಕ್ಕಾಂ ತನಕ ಅದೇ ನಮ್ಮ ಅರಮನೆ. ಮೂರನೇ ಮುಂಜಾನೆ ನೋಡಿದರೆ ಹತ್ತಿಯ ದರ ಓಡಾಡುತ್ತಿತ್ತು. ಇರುವೆ! ಹಿಟ್ಟಿನ ವಾಸನೆಗೆ ಗಿಡದಿಂದ ಇಳಿದು, ಗಾಲಿ ಹತ್ತಿ, ಎಲ್ಲ ಕಿಟಕಿ ತುಂಬಿದ್ದವು. ಅವರು ಹಸಿ ಅರಿವೆ ಎತ್ತಿ ಒರೆಸಬೇಕು, ಅಷ್ಟರಲ್ಲಿ ನೀವು ಕೂಗಿದಿರಿ, ‘ಯಾರೂ ಕೈ ಹಚ್ಚಬ್ಯಾಡ್ರಿ!’ ಅವರು ಎತ್ತಿದ ಕೈ ಎತ್ತಿದ ಹಾಗೇ ನಿಂತರು. ‘ಧರಣೂ, ಉಣ್ಣಾಕ ಕರದಾವನೂ ನೀನ, ಹೊಡದ ಕಳಸಾವನೂ ನೀನ? ಹಿಟ್ಟ ಹಚ್ಚೂಮುಂದ ನನ್ನ ಕೇಳಬಾರದೇನ?’

ಸಂಘ ಮುಂದೆ ಹೋಯಿತು. ನಾವು ಅಲ್ಲೇ ಉಳಿದೆವು. ನೀವು ಬೆಲ್ಲ ಕುಟ್ಟಿ, ಕಿಟಕಿಯ ಅಂಚಿನಿಂದ ಗಾಲಿಯ ಮೇಲೆ ಹಾದು ಗಿಡದ ಬುಡದ ತನಕ ಒಂದು ಗೆರೆ ಎಳೆದಿರಿ. ಗೆರೆಯ ಆಚೆ ತುದಿಗೆ ಕೂತು, ‘ಬರ್ರಿ, ಹಿಂಗ ಬರ್ರಿ, ಅಲ್ಲೇನೈತಿ’ ಎಂದು ಬೀಗರನ್ನು ಕರೆದ ಹಾಗೆ ಕರೆಯುತ್ತಿದ್ದಿರಿ. ಬಿಸಿಲು ನೆತ್ತಿಗೆ ಬರುವ ತನಕ ಅವು ಸಾಲುಗಟ್ಟಿ ಇಳಿದವು. ಅವತ್ತಿನ ಚೌಕಾ ತಪ್ಪಿತು. ಆಗ ನಿಮ್ಮ ಮಗ, ‘ಅವ್ವಾ, ಇನ್ನೊಂದೆರಡ ಒಳಗ ಉಳದಾವು. ಇರಲಿ, ಕರಕೊಂಡ ಹೋಗೂನು. ಪಾಪ, ಅವೂ ಅಥಣಿ ನೋಡ್ಲಿ’ ಅಂದರು. ನೀವು ಸಿಟ್ಟಿನಲ್ಲಿದ್ದವರು ಸೆರಗು ಬಾಯಿಗೆ ಹಿಡಿದು ನಕ್ಕಿರಿ. ನೀವು ನಕ್ಕದ್ದು ನೋಡಿ ಅವರ ಮುಖ ಹೇಗೆ ಅರಳಿತ್ತು, ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೆ.

ರಾಯಬಾಗದಲ್ಲಿ ನನ್ನನ್ನು ಅರಿವೆಯಂಗಡಿಗೆ ಕರೆದುಕೊಂಡು ಹೋದಿರಿ. ಅಂಗಡಿಯವನು ನವಿಲಿನ ಚಿತ್ರದ ಹೊಳೆಯುವ ಪರದೆಯ ಬಟ್ಟೆ ಬಿಚ್ಚಿದ. ನನಗೆ ನೋಡಿದ ಕೂಡಲೇ ಬೇಕೆನಿಸಿತು. ನೀವು ಎರಡು ಬೆರಳಲ್ಲಿ ಹಿಚುಕಿ ನೋಡಿ, ‘ಇದು ರೇಷ್ಮಿ ಏನ? ಹುಳಾ ಕೊಂದ ಮಾಡಿದ್ದ ನಮಗ ಬ್ಯಾಡ’ ಅಂದಿರಿ. ‘ಅಲ್ರಿ ಆಯಿ, ನೈಲಾನ್. ಮಷಿನಿನ್ಯಾಗ ಹುಟ್ಟೇತಿ.’ ‘ಆ ಮಷಿನ್ ಏನ ತಿಂತೈತಿ?’ ‘ಕರೆಂಟ್ ತಿಂತೈತ್ರಿ. ನಮ್ಮ ಊರಾಗಿದ್ದಿದ್ದರ ದಿನಾ ಉಪಾಸ ಬೀಳತಿತ್ತ, ನಿಮ್ಮಕಿಂತ ಹೆಚ್ಚ ಪುಣ್ಯಾ ಕಟಗೊಳ್ತಿತ್ತ.’ ನೀವು ನಗು ತಡೆದು ‘ಹರಿ’ ಅಂದಿರಿ. ಅವನು ಹರಿದುಕೊಟ್ಟ.

ಹಗಲೆಲ್ಲ ಆ ನವಿಲುಗಳು ನನ್ನನ್ನು ಚೆನ್ನಾಗಿ ಕಾಯ್ದವು. ಸಂಜೆಗೆ ಕಂದೀಲು ಹಚ್ಚಿದೆ. ಕತ್ತಲಾದರೆ ಬಾಳುನ ಉಸಿರು ಕಾಣುವುದಿಲ್ಲವಲ್ಲ, ನನಗೆ ಬೆಳಕು ಬೇಕೇ ಬೇಕು. ಸ್ವಲ್ಪ ಹೊತ್ತಿಗೆ ಹೊರಗೆ ಗಲಾಟೆ. ನೋಡಿದರೆ ನಿಮ್ಮ ಮಗ ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಗಾಡಿಯ ಸುತ್ತ ಓಡುತ್ತಿದ್ದಾರೆ! ‘ಅವ್ವಾ, ದೀಪಾ ಆರಸ್ರಿ! ಎದರಿನ ಗ್ವಾಡಿ ಮ್ಯಾಲ ಎಲ್ಲಾ ಕಾಣಾಕತ್ತೇತಿ! ಊರ ಮಂದಿ ಚಾಪಿ ತಂದ ಕುಂತಾರ!’ ಚಾಪೆ ತಂದದ್ದು ಸುಳ್ಳಿರಬೇಕು. ಆದರೆ ಗೋಡೆಯ ಮೇಲೆ ನಾನೂ ನನ್ನ ಮಗುವೂ ಆನೆಯಷ್ಟು ದೊಡ್ಡದಾಗಿ ಮೂಡಿದ್ದು ನಿಜ. ನಾನು ಹಲಗೆಯ ಮೇಲೆ ಮುಖ ಮುಚ್ಚಿ ಬಿದ್ದುಕೊಂಡೆ. ಮೊದಲು ನೀವು ನಕ್ಕಿರಿ, ಆಮೇಲೆ ನಾನು. ಬಾಳು ಮಾತ್ರ ಹಸಿದೇ ಇದ್ದ.

ಈಗ ಅಥಣಿ. ಇದನ್ನು ಬರೆಯಲಿಕ್ಕೇ ಇಷ್ಟು ದೂರ ಬಂದೆ.

ಅಷ್ಟೂ ಊರಲ್ಲಿ ನೀವು ನಸುಕಿಗೇ ಎದ್ದು ಅಡುಗೆ ಮಾಡಿ, ಕಳಸ ಹಿಡಿದು ನಿಂತಿರಿ. ಮಹಾರಾಜರು ಒಮ್ಮೆಯೂ ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಅಂಥ ಹೊತ್ತಿನಲ್ಲಿ ನೀವು ಪಾತ್ರೆಗಳನ್ನು ಬಹಳ ಹೊತ್ತು ತಿಕ್ಕುತ್ತಿದ್ದಿರಿ. ಅಥಣಿಯಲ್ಲಿ ನಮ್ಮ ಚೌಕಾಕ್ಕೆ ಸಿಕ್ಕ ಜಾಗ ಬಸದಿಗೆ ಎಲ್ಲಕ್ಕಿಂತ ಹತ್ತಿರ, ಹೊರಬಿದ್ದರೆ ಮೊದಲು ಕಾಣುವ ಬಾಗಿಲು. ‘ಇವತ್ತ ಕಾಶಿಬಾಯಿ ಬಾಗಲಾದಾಗ ನಿಂದರತಾರ’ ಎಂದು ಎಲ್ಲರೂ ಅನ್ನುತ್ತಿದ್ದರು. ನೀವು ಅಡುಗೆ ಇಳಿಸಿ, ಮತ್ತೊಮ್ಮೆ ಸ್ನಾನ ಮುಗಿಸಿ, ಇನ್ನು ಮಡಿ ಸೀರೆ ಉಡಬೇಕು. ಆ ಸೀರೆಯನ್ನು ನೀವೇ ಒಗೆದು, ಯಾರ ಕೈಯೂ ಸೋಕದ ಹಾಗೆ ಎತ್ತರದ ಹಗ್ಗಕ್ಕೆ ಕೋಲಿನಿಂದ ಹಾಕಿ ಒಣಗಿಸಿದ್ದಿರಿ. ಹಾಸಿಗೆ ಮುಟ್ಟಿದರೆ, ಕೂಸು ಮುಟ್ಟಿದರೆ ಅದರ ಮಡಿ ಹೋಯಿತು ಎಂದು ಮೊದಲ ದಿನವೇ ನನಗೆ ಹೇಳಿದ್ದಿರಿ. ಇನ್ನೊಂದು ಸೀರೆ ಹಿಂದಿನ ದಿನ ಕಿಡಿ ಹಾರಿ ಸುಟ್ಟಿತ್ತು. ಇದ್ದದ್ದು ಅದೊಂದೇ.

ಗಾಡಿಯ ಸುತ್ತ ಜಾತ್ರೆಯ ಹಾಗೆ ಮಂದಿ. ವಾದ್ಯ, ಕೂಗು, ದಾರಿ ಸಿಗದೆ ನಿಂತ ಕಬ್ಬಿನ ಟ್ರ್ಯಾಕ್ಟರುಗಳು. ಬಾಳು ಹಿಂದಿನ ಸಂಜೆಯಿಂದ ಸರಿಯಾಗಿ ಕುಡಿದಿರಲಿಲ್ಲ, ಮೈ ಬೆಚ್ಚಗಾಗಿತ್ತು, ಅತ್ತು ಅತ್ತು ದನಿ ಕೂಡ ಹೋಗಿತ್ತು. ಹಾಳು ನವಿಲಿನ ಪರದೆ ಆಚೆ ಬದಿಯಿಂದ ಓರೆಯಾಗಿ ಬಿದ್ದ ಬೆಳಗಿನ ಎಳೆಬಿಸಿಲಿಗೂ ಒಳಗಿನದನ್ನು ತೋರಿಸುತ್ತಿತ್ತು. ನನಗೆ ಬಾಗಿಲು ತೆಗೆದು ಎಲ್ಲಾದರೂ ಓಡಿಬಿಡಲೇ ಅನಿಸಿತ್ತು. ಅಷ್ಟರಲ್ಲಿ ಬಾಗಿಲು ಹೊರಗಿನಿಂದ ತೆರೆಯಿತು. ಒದ್ದೆ ಅರಿವೆಯಲ್ಲೇ ನೀವು ಹತ್ತಿ ಬಂದಿರಿ. ಕಂಕುಳಲ್ಲಿ ಮಡಿ ಸೀರೆ.

ನಾನು ‘ಅತ್ತಿ, ಮುಟ್ಟಬ್ಯಾಡ್ರಿ, ಅದು...’ ಅನ್ನುವುದರೊಳಗೆ ಅದರ ಒಂದು ತುದಿ ಮುಂದಿನ ಕಿಟಕಿಯ ಕಂಬಿಗೆ ಕಟ್ಟಿಯಾಗಿತ್ತು. ಹದಿನೆಂಟು ಮೊಳದ ದಪ್ಪ ನೂಲಿನ ಸೀರೆ. ಕಂಬಿಯಿಂದ ಕಂಬಿಗೆ ಸಿಕ್ಕಿಸುತ್ತ ಬಂದಿರಿ. ಮೂರೂ ಕಡೆ ಸುತ್ತಿದರೂ ಸೆರಗು ಉಳಿಯಿತು, ಅದನ್ನು ಡ್ರೈವರ್ ಸೀಟಿನ ಹಿಂದೆ ಇಳಿಬಿಟ್ಟಿರಿ. ಒಂದು ಕ್ಷಣದಲ್ಲಿ ಹೊರಗಿನ ಲೋಕವೇ ಇಲ್ಲದ ಹಾಗಾಯಿತು. ಬೆಳ್ಳಗಿನ ಮಬ್ಬು ಬೆಳಕು, ಸೋಪಿನ ವಾಸನೆ. ನೀವು ನನ್ನ ಪಕ್ಕ ಕೂತು ಬಾಳುನ ಪಾದಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿರಿ. ಹೊರಗೆ ‘ನಮೋಸ್ತು, ನಮೋಸ್ತು’ ಎಂಬ ಕೂಗು ಹತ್ತಿರ ಬಂತು. ನಮ್ಮ ಬಾಗಿಲಲ್ಲಿ ನಿಮ್ಮ ಮಗ ಒಬ್ಬರೇ ಕಳಸ ಹಿಡಿದು ನಿಂತಿದ್ದರು, ನೀವು ಈಗ ಬರುತ್ತೀರಿ, ಈಗ ಬರುತ್ತೀರಿ ಎಂದು ತಿರುತಿರುಗಿ ನೋಡುತ್ತ. ‘ಹೋಗ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರದಾರ ಸೀರಿ ಇಸಗೊಂಡ ಹೋಗ್ರಿ’ ಎಂದೆ. ನೀವು ಅಲ್ಲಾಡಲಿಲ್ಲ. ಬಾಳು ಆಗ ಗುಟುಕರಿಸಲಿಕ್ಕೆ ಹತ್ತಿದ್ದ. ‘ನಾ ಉಣಸಾಕ ಬಂದಾಕಿ. ಇಲ್ಲಿ ಉಣ್ಣಾಕತ್ತಾನಲ್ಲ ಒಬ್ಬಾಂವ’ ಅಂದಿರಿ.

ಕೂಗು ಮುಂದೆ ಹೋಯಿತು. ಸೀರೆ ಸರಿಸಿ ಒಮ್ಮೆಯಾದರೂ ಹೊರಗೆ ನೋಡುತ್ತೀರಿ ಅಂದುಕೊಂಡೆ. ನೋಡಲಿಲ್ಲ. ಬಾಳು ಮಲಗಿದ ಮೇಲೆ ಅವನ ಕೆನ್ನೆಗೆ ಹತ್ತಿದ ಹಾಲು ಒರೆಸಿ, ಕೆಳಗಿಳಿದು ಹೋಗಿ, ಮಾಡಿದ ಅಡುಗೆಯನ್ನೆಲ್ಲ ಬಂದವರಿಗೆ ಬಡಿಸಿದಿರಿ. ಅವತ್ತು ಪಾತ್ರೆಗಳನ್ನು ಬೇಗ ತಿಕ್ಕಿ ಮುಗಿಸಿದಿರಿ.

ನೀವು ಬದಲಾದದ್ದು ಅಲ್ಲಿಂದ ಎಂದು ನನಗನಿಸುತ್ತದೆ. ಆಮೇಲೆ ಮಹಾರಾಜರು ಯಾರ ಬಾಗಿಲಲ್ಲಿ ನಿಂತರೂ ನಿಮ್ಮ ಮುಖ ಒಂದೇ ರೀತಿ ಇರುತ್ತಿತ್ತು. ಕಾಗವಾಡ ಮುಟ್ಟಿದ ಮೇಲೆ ‘ನಾ ಚಾತುರ್ಮಾಸ ಮುಗಿಯೂ ತನಕಾ ಸಂಘದಾಗ ಇರ್ತೀನಿ, ನೀವ ನಡೀರಿ’ ಅಂದಿರಿ. ನಾವು ನಡೆದೆವು. ಬರುವಾಗ ಹಲಗೆಯ ಮೇಲೆ ನಿಮ್ಮ ಜಾಗದಲ್ಲಿ ಖಾಲಿ ಹಂಡೆ ಇಟ್ಟಿದ್ದರು, ಅಲುಗಾಡಬಾರದೆಂದು ನಾನು ದಾರಿಯುದ್ದಕ್ಕೂ ಅದರ ಮೇಲೆ ಕೈ ಹಾಕಿಕೊಂಡು ಬಂದೆ. ನಿಮ್ಮ ಮಗ ಕಬ್ಬೂರಿನ ತನಕ ಮುಂದೆಯೇ ನೋಡುತ್ತ ಗಾಡಿ ನಡೆಸಿದರು. ಸೀರೆ ಇನ್ನೂ ಗಾಡಿಯಲ್ಲೇ ಇದೆ, ನಾವು ಮಲಗುವುದು ಅದರ ಮರೆಯಲ್ಲೇ. ಚಾತುರ್ಮಾಸದಲ್ಲಿ ನಿಮ್ಮ ಕೈಯಿಂದ ಮಹಾರಾಜರಿಗೆ ಎಷ್ಟೋ ಸಲ ಆಹಾರವಾಯಿತು ಎಂದು ಮಂಗಲಕ್ಕ ಹೇಳಿದಾಗ ನನ್ನ ಹೊಟ್ಟೆ ತಣ್ಣಗಾಯಿತು ಅತ್ತಿ. ಅಷ್ಟು ದಿನ ಅದೊಂದು ಒಳಗೆ ಕುಟುಕುತ್ತಿತ್ತು.

ನೀವು ಬೇಡವೆಂದು ನಾನು ಹೇಗೆ ಬರೆಯಲಿ? ನೀವು ಬೇಕು. ಬಾಳು ಈಗ ಗೋಡೆ ಹಿಡಿದು ನಡೆಯುತ್ತಾನೆ, ಬಿದ್ದರೆ ಮೊದಲು ನನ್ನ ಮುಖ ನೋಡುತ್ತಾನೆ, ನಾನು ಹೆದರಿದ್ದು ಕಂಡರೆ ಅಳುತ್ತಾನೆ. ನಿಮ್ಮ ಮುಖ ನೋಡಿದ್ದರೆ ನಗುತ್ತಿದ್ದ. ಜ್ವರ ಬಂದರೆ ಯಾವುದು ಹಲ್ಲಿನ ಜ್ವರ, ಯಾವುದು ಡಾಕ್ಟರರ ಜ್ವರ ಎಂದು ನನಗೆ ತಿಳಿಯುವುದಿಲ್ಲ. ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರಿದೆ. ನನ್ನ ಹತ್ತಿರ ನಿಮ್ಮನ್ನು ತಡೆಯಲಿಕ್ಕೆ ಇಂಥ ನೂರು ಕಾರಣಗಳಿವೆ, ಒಂದೊಂದೂ ನಿಜ. ಆದರೆ ಅಥಣಿಯಲ್ಲಿ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. ವರ್ಷಗಟ್ಟಲೆ ಆಸೆಪಟ್ಟದ್ದು ಬಾಗಿಲ ತನಕ ಬಂದು ಮುಂದೆ ಹೋದರೂ ನಿಮ್ಮ ಕೈ ಬಾಳುನ ಪಾದದ ಮೇಲೆ ಒಂದಿಷ್ಟೂ ಬಿಗಿಯಾಗಲಿಲ್ಲ, ಸಡಿಲವಾಗಲೂ ಇಲ್ಲ. ಹಾಗೆ ಬಿಟ್ಟುಕೊಡಲಿಕ್ಕೆ ಬಂದವರನ್ನು ನಾನು ಯಾವ ಬಲದಿಂದ ಹಿಡಿದು ಕೂಡಿಸಲಿ?

ಆದ್ದರಿಂದ ಇದನ್ನು ಮಹಾರಾಜರಿಗೆ ತೋರಿಸಿರಿ. ನಾನು, ಕಬ್ಬೂರಿನ ಚಂದ್ರಮತಿ ಧರಣೇಂದ್ರ, ನಮ್ಮ ಅತ್ತಿ ಕಾಶಿಬಾಯಿಯವರ ದೀಕ್ಷೆಗೆ ಮನಸ್ಸಿನಿಂದ ಒಪ್ಪಿದ್ದೇನೆ. ಅಳುತ್ತ ಒಪ್ಪಿದ್ದೇನೆ, ಆದರೂ ಒಪ್ಪಿದ್ದೇನೆ.

ಬಾಳು ಎದ್ದ. ಮುಗಿಸುತ್ತೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿರಿ, ದೀಕ್ಷೆಗೆ ಮೊದಲು ಯಾರೂ ಬೇಡ ಅನ್ನುವುದಿಲ್ಲ.

ದೀಪಾವಳಿಯ ತನಕವಾದರೂ ನಿಮ್ಮ ಸೊಸೆ,
ಚಂದ್ರಾ

ತಾ.ಕ.: ಅತ್ತಿ, ಲಕೋಟೆಗೆ ಹಾಕಿದ್ದನ್ನು ಮತ್ತೆ ಹೊರಗೆ ತೆಗೆದೆ. ಮೇಲಿನದನ್ನು ಮಹಾರಾಜರಿಗೆ ತೋರಿಸಿರಿ, ಈ ಹಾಳೆ ಮಾತ್ರ ನಿಮಗೆ. ನಾ ಒಪ್ಪೂದಿಲ್ಲ ಅಂತ ಯಾವತ್ತೂ ಯಾರ ಮುಂದೂ ಅಂದಿಲ್ರಿ. ಮಂಗಲಕ್ಕಗ, ಕಾಕಾಗ ‘ಇಕಿ ಒಪ್ಪಾಕತ್ತಿಲ್ಲ, ನಾ ಏನ್ ಮಾಡ್ಲಿ’ ಅಂತ ಹೇಳಿದವರು ನಿಮ್ಮ ಮಗ. ನಾ ಬಾಗಿಲದ ಹಿಂದ ಇದ್ದೆ, ಕೇಳಿದೆ. ಒಳಗ ಬಂದು ನನ್ನ ಮಾರಿ ನೋಡಲಿಲ್ಲ, ಕೊಡ ತಗೊಂಡು ಹಿತ್ತಲಕ್ಕ ಹೋದರು. ಸಿಟ್ಟ ಬರಲಿಲ್ರಿ ನನಗ. ಬ್ಯಾಡ ಅಂದ್ರ ಅವ್ವನ ಪುಣ್ಯೇಕ ಅಡ್ಡ ನಿಂತಂಗ, ಹೂಂ ಅಂದ್ರ ಅವ್ವ ಹೋಗ್ತಾಳ. ಅದಕ್ಕ ನನ್ನ ಹೆಸರ ಮುಂದ ಮಾಡಿದರು. ನಾನೂ ಸುಮ್ಮನ ಇದ್ದೆ. ಈಗ ನಾ ಒಪ್ಪಿದೆ ಅಂದ್ರ ಅವರಿಗೆ ನಿಲ್ಲಾಕ ಜಾಗಾ ಇಲ್ಲ. ಇದರಾಗ ಏನೈತಿ ಅಂತ ಅವರಿಗೆ ಗೊತ್ತಿಲ್ಲ. ನೀವು ಇದನ್ನ ಓದೂಮುಂದ ಬಸದಿ ಹೊರಗ ಚಪ್ಪಲಿ ಬಿಟ್ಟ ಜಾಗಾದಾಗ ನಿಂತಿರತಾರ. ಒಳಗ ಕರೀರಿ. ಬಾಗಲಾ ಹಾಕಿಕೊಳ್ರಿ. ಮಗಾ ಅಂತ ಕರದು, ನಿನಗ ಹೆಂಗ ಅನಸತೈತಿ ಅಂತ ನೀವ ಕೇಳ್ರಿ, ಇನ್ನೂ ಹಂಗ ಕರಿಯಾಕ ಬರತೈತಿ. ನಾ ನನ್ನ ಮಟ್ಟಿಗೆ ಒಪ್ಪೇನಿ, ಅವರ ಬದಲಿ ಒಪ್ಪಾಕ ನನ್ನ ಕಡಿಂದ ಆಗೂದಿಲ್ಲ.